ಕೊಬ್ಬರಿಯ ಬೆಲೆ ಕುಸಿದಾಗ ಮನೆಯ ಮನಸ್ಸು

ಅರಸೀಕೆರೆ ಸೀಮೆಯಲ್ಲಿ ಸಂಸಾರದ ಏರಿಳಿತವನ್ನು ತೆಂಗಿನ ತೋಟವೇ ನಿರ್ಧರಿಸುತ್ತದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದರೂ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿಳಿಯಿತು. ಮಳೆಯೂ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. 2025ರಲ್ಲಿ ಕೊಬ್ಬರಿ ದರ ಚೇತರಿಸಿಕೊಂಡಿತು, ನಿಜ. ಆದರೆ ಅಡವಿಟ್ಟ ಒಡವೆ, ಬಡ್ಡಿ ಬೆಳೆದ ಸಾಲ, ಒಣಗಿ ನಿಂತ ಮರ ಇವು ದರದೊಂದಿಗೇ ಸರಿಹೋಗುವುದಿಲ್ಲ. ಬೇಲೂರಿನ ಕಾಫಿ ಸೀಮೆಯ ಭಯವೇ ಬೇರೆ, ಅದು ಕಾಡಾನೆಯದು. ತೋಟದ ಕೆಲಸಕ್ಕೆ ಹೋದ ತಾಯಿ ಹಿಂದಿರುಗುವವರೆಗೆ ಮಕ್ಕಳ ಕಣ್ಣು ಪುಸ್ತಕದ ಮೇಲೆ ನಿಲ್ಲದು. ಹಳೇಬೀಡಿನ ಸುತ್ತಲಿನವರಿಗೆ ಆಲೂಗಡ್ಡೆ, ಶುಂಠಿಗೆ ರೋಗ ತಗುಲೀತೆಂಬ ಚಿಂತೆ.

ಇಂಥ ಕಾಲದಲ್ಲಿ ನಮ್ಮ ಮನೆಗಳಲ್ಲಿ ಮೊದಲು ಕಾಲಿಡುವುದು ಮೌನ. ಸಾಲದ ಮಾತು ಹೆಂಡತಿ ಮಕ್ಕಳ ಕಿವಿಗೆ ಬೀಳಬಾರದೆಂದು ಯಜಮಾನ ಒಬ್ಬನೇ ಹೊರುತ್ತಾನೆ. ಅದನ್ನು ನಾವು ಗಂಡಸುತನವೆಂದು ಹೊಗಳುತ್ತೇವೆ. ವಾಸ್ತವದಲ್ಲಿ ಮಕ್ಕಳಿಗೆ ಎಲ್ಲವೂ ಅರಿವಾಗುತ್ತದೆ. ಕಾರಣ ತಿಳಿಯದ ಎಳೆಯರು ಅಪ್ಪನ ಮುನಿಸಿಗೆ ತಾವೇ ಕಾರಣವೆಂದು ಭಾವಿಸುತ್ತಾರೆ. “ಈ ವರ್ಷ ಹಣಕ್ಕೆ ಕಷ್ಟವಿದೆ, ಅದು ನಿನ್ನಿಂದಲ್ಲ” ಎಂದು ವಯಸ್ಸಿಗೆ ತಕ್ಕಂತೆ ಹೇಳಿದರೆ ಅವರಿಗೆ ನೆಮ್ಮದಿ. ಗಂಡಹೆಂಡಿರು ಯಾರಿಗೆ ಎಷ್ಟು ಕೊಡಬೇಕು, ಯಾವ ಬಡ್ಡಿ ಹೆಚ್ಚು ಎಂಬುದನ್ನು ಒಂದೇ ಹಾಳೆಯಲ್ಲಿ ಹಗಲು ಹೊತ್ತಿನಲ್ಲಿ ಬರೆಯಲಿ. ರಾತ್ರಿ ಮಲಗುವ ಮುನ್ನ ತೆಗೆದ ಲೆಕ್ಕ ನಿದ್ರೆಯನ್ನಷ್ಟೇ ಕೆಡಿಸುತ್ತದೆ.

ಮನೆಯವರೆಲ್ಲರೂ ಒಟ್ಟಿಗೆ ಕೂರುವ ಹೊತ್ತು ನಮ್ಮಲ್ಲಿ ಇನ್ನೂ ಉಳಿದಿದ್ದರೆ ಅದು ಸಂಜೆಯ ಜಪಸರದ ಹೊತ್ತು. ಅದು ಮುಗಿದ ಕೂಡಲೇ ಏಳದೆ (ಧಾರಾವಾಹಿ ಕಾಯಲಿ!) ಹತ್ತು ನಿಮಿಷ ದಿನದ ಸುಖದುಃಖ ಆಡಬಹುದು. ಆಗ ಬುದ್ಧಿವಾದ ಬೇಡ, ಕೇಳಿಸಿಕೊಂಡರೆ ಸಾಕು.

ಎರಡು ವಾರ ಕಳೆದರೂ ನಿದ್ರೆ, ಊಟ ಸರಿಹೋಗದೆ, ಕುಡಿತ ಹೆಚ್ಚಿ, ಮನೆಯವರು “ನಾನಿದ್ದು ಏನು ಪ್ರಯೋಜನ” ಎನ್ನತೊಡಗಿದರೆ ಅದು ಸೋಮಾರಿತನವಲ್ಲ, ವಿಶ್ವಾಸದ ಕೊರತೆಯೂ ಅಲ್ಲ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬುದು ತಪ್ಪು ಕಲ್ಪನೆ. ಬೆಳೆಗೆ ಹೊಡೆಯುವ ಔಷಧಿಯ ಡಬ್ಬಿಗಳನ್ನು ಅಂದೇ ಮನೆಯಿಂದ ದೂರ, ಬೀಗದೊಳಗೆ ಇಡಬೇಕು. ದುಡುಕಿನ ಗಳಿಗೆ ದಾಟಿದರೆ ಎಷ್ಟೋ ಜೀವಗಳು ಉಳಿಯುತ್ತವೆ.

“ನಾಲ್ಕು ಜನ ಏನೆಂದಾರು” ಎಂಬ ಅಂಜಿಕೆ ನಮ್ಮಲ್ಲಿ ಬಲವಾಗಿದೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು, ತೀವ್ರ ಮನೋವ್ಯಥೆ ಮತ್ತು ಭಯ ಮನುಷ್ಯನ ಹೊಣೆಯನ್ನು ತಗ್ಗಿಸುತ್ತವೆಂದು ಬೋಧಿಸುತ್ತದೆ. ಹೀಗೆ ತೀರಿಕೊಂಡವರ ರಕ್ಷಣೆಯ ವಿಷಯದಲ್ಲಿ ನಿರಾಶರಾಗಬಾರದೆಂದೂ ಅದು ಹೇಳುತ್ತದೆ. ಧರ್ಮಸಭೆಯೇ ಇಷ್ಟು ಮರುಗುವಾಗ ಅಕ್ಕಪಕ್ಕದವರು ತೀರ್ಪುಗಾರರಾಗುವುದು ಉಚಿತವಲ್ಲ.

14416ಕ್ಕೆ ಕರೆ ಮಾಡಿದರೆ ಹಗಲಿರುಳೂ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಟೆಲಿ ಮನಸ್ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಬರುತ್ತಾರೆಂದು ವಿಚಾರಿಸಿ ಹೋಗುವಾಗ ಮನೆಯವರೊಬ್ಬರು ಜೊತೆಗಿರಲಿ. ನಿದ್ರೆ, ಊಟದ ವಿವರ ಅವರಿಗೇ ಹೆಚ್ಚು ತಿಳಿದಿರುತ್ತದೆ. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಗುಣ ಕಂಡಿತೆಂದು ವೈದ್ಯರನ್ನು ಕೇಳದೆ ನಿಲ್ಲಿಸುವಂತಿಲ್ಲ.