ಭೂತಾನದಲ್ಲಿ ನಡಿಗೆ: ದಿನಗಳ ಲೆಕ್ಕ, ಉಸಿರಿನ ಲೆಕ್ಕ

ನೌಕರಿಯ ನಿಮಿತ್ತ ಮುಂಬಯಿಯಲ್ಲಿ ನೆಲೆಸಿರುವ ನಮ್ಮವರು ರಜೆ ದೊರೆತೊಡನೆ ಊರಿಗೆ ಹೋಗಿ ಬರುವುದು ರೂಢಿ. ಮಕ್ಕಳು ದೊಡ್ಡವರಾಗಿ, ಊರಿನ ಹಿರಿಯರು ಒಬ್ಬೊಬ್ಬರಾಗಿ ಕಣ್ಮರೆಯಾದ ಮೇಲೆ, ಆ ರಜೆಯನ್ನು ಬೇರೊಂದು ನಾಡನ್ನು ನೋಡಲು ಬಳಸುವ ಮನಸ್ಸು ಮೂಡುತ್ತದೆ. ಅಷ್ಟರಲ್ಲಿ ನಮ್ಮ ವಯಸ್ಸು ನಲವತ್ತನ್ನೋ ಐವತ್ತನ್ನೋ ದಾಟಿರುತ್ತದೆ. ಕುರ್ಚಿಯಲ್ಲಿ ಕುಳಿತು ದುಡಿದ ದೇಹದಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೊಣಕಾಲು ನೋವು ಇವುಗಳಲ್ಲಿ ಒಂದಾದರೂ ಮನೆಮಾಡಿರುತ್ತದೆ. ಇಂಥವರಿಗೆ ಬೌದ್ಧರ ಪರ್ವತ ರಾಜ್ಯವಾದ ಭೂತಾನ ತಕ್ಕ ತಾಣವೇ? ತಕ್ಕದ್ದೇ ಎಂಬುದು ನನ್ನ ಉತ್ತರ. ಆದರೆ ಅದಕ್ಕೊಂದು ಷರತ್ತುಂಟು: ಹಣ ಉಳಿಸುವ ಆಸೆಯಿಂದ ದಿನಗಳನ್ನು ಕಡಿತಗೊಳಿಸಬಾರದು. ಈ ಷರತ್ತಿನ ಕಾರಣವನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ನಾನು ವೈದ್ಯನಲ್ಲ, ಬ್ಯಾಂಕಿನ ಅಧಿಕಾರಿ. ಕುಟುಂಬದೊಡನೆ ಆ ನಾಡಿಗೆ ಹೊರಡುವ ಮೊದಲು ವೈದ್ಯರಿಂದ ಕೇಳಿ ತಿಳಿದುದನ್ನೂ, ಅಲ್ಲಿ ನಡೆದು ಕಂಡುದನ್ನೂ ಇಲ್ಲಿ ಒಟ್ಟುಗೂಡಿಸಿದ್ದೇನೆ.

ನಾಡಿನ ಪರಿಚಯ

ಭೂತಾನದ ವಿಸ್ತೀರ್ಣ 38,394 ಚದರ ಕಿಲೋಮೀಟರು. ಅಂದರೆ ನಮ್ಮ ಕರ್ನಾಟಕದ ಐದನೆಯ ಒಂದು ಪಾಲು. 2017ರ ಜನಗಣತಿಯಂತೆ ಜನಸಂಖ್ಯೆ ಸುಮಾರು 7.27 ಲಕ್ಷ, ಮುಂಬಯಿಯ ಒಂದೆರಡು ಉಪನಗರಗಳಲ್ಲಿ ಇದಕ್ಕಿಂತ ಹೆಚ್ಚು ಜನರಿದ್ದಾರೆ. ಇಲ್ಲಿಯದು ವಜ್ರಯಾನ ಬೌದ್ಧಮತ. 1616ರಲ್ಲಿ ಟಿಬೆಟಿನಿಂದ ಬಂದ ಶಬ್‌ದ್ರುಂಗ್ ಙವಾಂಗ್ ನಮ್‌ಗ್ಯಾಲ್ ಎಂಬ ಧರ್ಮಗುರು ಬೇರೆ ಬೇರೆ ಕಣಿವೆಗಳನ್ನು ಒಂದು ಆಡಳಿತದಡಿ ತಂದರು. ಅವರ ಕಾಲದಿಂದ ಬೆಳೆದ ‘ಜೋಂಗ್’ಗಳು ಕೋಟೆ, ಕಚೇರಿ ಹಾಗೂ ಮಠ ಈ ಮೂರನ್ನೂ ಒಂದೇ ಪ್ರಾಕಾರದಲ್ಲಿ ಅಡಕಗೊಳಿಸಿದ ಕಟ್ಟಡಗಳು. 1907ರಲ್ಲಿ ವಂಶಪಾರಂಪರ್ಯ ರಾಜತ್ವವೂ, 2008ರಲ್ಲಿ ಲಿಖಿತ ಸಂವಿಧಾನವೂ ಬಂದವು. ನೆಲದ ಶೇಕಡಾ 60 ಭಾಗ ಎಂದೆಂದೂ ಕಾಡಾಗಿಯೇ ಉಳಿಯತಕ್ಕದ್ದೆಂದು ಆ ಸಂವಿಧಾನವೇ ವಿಧಿಸಿದೆ.

ವಿದೇಶೀ ಪ್ರವಾಸಿಗಳಿಗೆ ಈ ದೇಶದ ಬಾಗಿಲು ತೆರೆದದ್ದು 1974ರಲ್ಲಿ, ನಾಲ್ಕನೆಯ ದೊರೆಯ ಪಟ್ಟಾಭಿಷೇಕದ ಸಂದರ್ಭದಲ್ಲಿ. ಅಂದಿನಿಂದಲೂ ಸಂಖ್ಯೆಗಿಂತ ಮರ್ಯಾದೆಗೆ ಬೆಲೆ ಕೊಡುವುದು ಅವರ ನೀತಿ. ಹಿಮಶಿಖರಗಳನ್ನು ಅವರು ದೇವತೆಗಳ ನೆಲೆಯೆಂದು ಭಾವಿಸುವರು. ಆದ್ದರಿಂದ 1994ರಲ್ಲಿ 6,000 ಮೀಟರಿಗಿಂತ ಎತ್ತರದ ಶಿಖರಗಳನ್ನು ಏರುವುದನ್ನೂ, 2003ರಲ್ಲಿ ಪರ್ವತಾರೋಹಣವನ್ನು ಪೂರ್ತಿಯಾಗಿಯೂ ನಿಷೇಧಿಸಿದರು. 7,570 ಮೀಟರು ಎತ್ತರದ ಗಂಗ್‌ಖರ್ ಪುನ್‌ಸುಮ್ ಶಿಖರದ ಮೇಲೆ ಇಂದಿಗೂ ಮನುಷ್ಯನ ಕಾಲು ಊರಿಲ್ಲ. ಪ್ರವಾಸಿಗೆ ಉಳಿದಿರುವುದು ಕಣಿವೆಗಳ, ಕಾಡುಗಳ, ಮಠಗಳ ದಾರಿಯ ನಡಿಗೆ ಮಾತ್ರ. ನಮ್ಮಂಥ ಮಧ್ಯವಯಸ್ಕರಿಗೆ ಇದೊಂದು ಅನುಕೂಲವೇ ಸರಿ.

ಖರ್ಚಿನ ಲೆಕ್ಕ

ಭಾರತೀಯರಿಗೆ ವೀಸಾ ಬೇಡ. ಕನಿಷ್ಠ ಆರು ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟು ಅಥವಾ ಮತದಾರರ ಗುರುತಿನ ಚೀಟಿ ಸಾಕು. ಪ್ರವೇಶಕ್ಕೆ ಪರವಾನಗಿ ಪಡೆಯಬೇಕು. ವಿಮಾನದಲ್ಲಿ ಹೋಗುವವರು ಪಾರೋದಲ್ಲಿ ಇಳಿಯುತ್ತಾರೆ; ರೈಲಿನವರು ಪಶ್ಚಿಮ ಬಂಗಾಳದ ಹಾಸಿಮಾರಾದಲ್ಲಿ ಇಳಿದು, ಜಯಗಾಂವ್ ದಾಟಿ, ಗಡಿಯ ಫುಂತ್‌ಶೋಲಿಂಗ್ ಪಟ್ಟಣವನ್ನು ಸೇರುತ್ತಾರೆ. ಅಲ್ಲಿಯ ನಾಣ್ಯವಾದ ಙುಲ್ಟ್ರಮ್ ನಮ್ಮ ರೂಪಾಯಿಗೆ ಸರಿಸಮ, ರೂಪಾಯಿಯೂ ಚಲಾವಣೆಯಲ್ಲಿದೆ. ಆದರೆ ಙುಲ್ಟ್ರಮ್ ನಮ್ಮಲ್ಲಿ ನಡೆಯದು. ಉಳಿದುದನ್ನು ಗಡಿ ದಾಟುವ ಮೊದಲೇ ಬದಲಾಯಿಸಿಕೊಳ್ಳಬೇಕು. ನೂರಕ್ಕಿಂತ ಹೆಚ್ಚಿನ ಮುಖಬೆಲೆಯ ನೋಟುಗಳನ್ನು ಒಬ್ಬರು ಒಟ್ಟು 25,000 ರೂಪಾಯಿವರೆಗೆ ಮಾತ್ರ ಒಯ್ಯಬಹುದು. 2021ರಿಂದ ಯು.ಪಿ.ಐ. ಮೂಲಕ ಹಣ ಪಾವತಿಸುವ ವ್ಯವಸ್ಥೆಯೂ ಇದೆ.

ಇನ್ನು ಮುಖ್ಯ ವಿಷಯ. 2022ರ ಸೆಪ್ಟೆಂಬರಿನಲ್ಲಿ ಗಡಿ ಮತ್ತೆ ತೆರೆದ ಮೇಲೆ, ಭಾರತೀಯ ಪ್ರವಾಸಿಗಳು ತಲೆಯೊಂದಕ್ಕೆ ಪ್ರತಿ ರಾತ್ರಿಗೂ 1,200 ರೂಪಾಯಿ ‘ಸುಸ್ಥಿರ ಅಭಿವೃದ್ಧಿ ಶುಲ್ಕ’ ತೆರಬೇಕಾಗಿದೆ. 6ರಿಂದ 12 ವರ್ಷದ ಮಕ್ಕಳಿಗೆ ಇದರ ಅರ್ಧ. ವಸತಿ, ಊಟ, ಕಾರು, ಮಾರ್ಗದರ್ಶಿ ಇವುಗಳ ಖರ್ಚು ಬೇರೆ. ಗಂಡಹೆಂಡಿರು ಆರು ರಾತ್ರಿ ತಂಗಿದರೆ ಶುಲ್ಕವೇ 14,400 ರೂಪಾಯಿ. ನಾಲ್ಕೇ ರಾತ್ರಿಗೆ ಮುಗಿಸಿದರೆ 9,600. ಈ 4,800 ರೂಪಾಯಿಯ ಉಳಿತಾಯ ಕಾಗದದ ಮೇಲೆ ಬಹಳ ಚೆನ್ನಾಗಿ ಕಾಣುತ್ತದೆ. ಎರಡು ರಾತ್ರಿ ಕಡಿಮೆ ಮಾಡಿ, ಬಂದಿಳಿದ ಮರುದಿನವೇ ಬೆಟ್ಟ ಹತ್ತಿಸುವ ಕಾರ್ಯಕ್ರಮವನ್ನು ಹಾಕಿಕೊಳ್ಳುವವರು ಉಂಟು. ಇದು ಎಂಥ ಉಳಿತಾಯ ಎಂಬುದನ್ನು ತಿಳಿಯಲು ಎತ್ತರದ ವಿಷಯವನ್ನು ಅರಿಯಬೇಕು.

ಎತ್ತರ ಮತ್ತು ದೇಹ

ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರು ಎತ್ತರವಿದೆ. ಭೂತಾನದಲ್ಲಿ ವಿಮಾನ ಇಳಿಯುವ ಪಾರೋ ಕಣಿವೆಯ ತಳವೇ 2,200 ಮೀಟರಿಗಿಂತ ಮೇಲಿದೆ. ಅಂದರೆ ಸಮುದ್ರದಂಚಿನಲ್ಲಿ ವಾಸಿಸುವ ಮುಂಬಯಿಯವನು, ವಿಮಾನದಿಂದ ಮೊದಲ ಹೆಜ್ಜೆ ಕೆಳಗಿಡುವಾಗಲೇ ನಮ್ಮ ನಾಡಿನ ಯಾವ ಬೆಟ್ಟದ ನೆತ್ತಿಗಿಂತಲೂ ಎತ್ತರದಲ್ಲಿರುತ್ತಾನೆ.

ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಕುಗ್ಗುವುದಿಲ್ಲ. ಅದು ಎಲ್ಲೆಡೆಯೂ ಶೇಕಡಾ 21ರಷ್ಟೇ. ಕುಗ್ಗುವುದು ಗಾಳಿಯ ಒತ್ತಡ. 3,000 ಮೀಟರಿನಲ್ಲಿ ಅದು ಸಮುದ್ರಮಟ್ಟದ ಶೇಕಡಾ 70ರ ಆಸುಪಾಸಿಗೆ ಇಳಿಯುತ್ತದೆ. ಆದ್ದರಿಂದ ಒಂದು ಉಸಿರಿಗೆ ದೊರೆಯುವ ಆಮ್ಲಜನಕವೂ ಅಷ್ಟೇ ಕಡಿಮೆ. ಈ ಕೊರತೆಯನ್ನು ತುಂಬಿಕೊಳ್ಳಲು ದೇಹವು ಉಸಿರಾಟವನ್ನೂ ಹೃದಯದ ಬಡಿತವನ್ನೂ ಹೆಚ್ಚಿಸಿಕೊಳ್ಳುತ್ತದೆ. ಮೊದಲ ಕೆಲವು ದಿನ ರಕ್ತದೊತ್ತಡವೂ ತುಸು ಏರಬಹುದು. ಈ ಹೊಂದಾಣಿಕೆಗೆ ದಿನಗಳೇ ಬೇಕು; ಅದನ್ನು ಅವಸರಪಡಿಸುವ ಉಪಾಯವಿಲ್ಲ. ಸಾಮಾನ್ಯವಾಗಿ 2,500 ಮೀಟರಿನ ಮೇಲೆ ತಲೆನೋವು, ಹಸಿವಿಲ್ಲದಿರುವುದು, ಓಕರಿಕೆ, ನಿದ್ರೆಗೆಡುವುದು, ಅತಿಯಾದ ಆಯಾಸ ಇವು ಕಾಣಿಸಿಕೊಳ್ಳಬಹುದು. ಇದನ್ನು ಪರ್ವತವ್ಯಾಧಿ ಎನ್ನುತ್ತಾರೆ. ದಿನವೂ ವ್ಯಾಯಾಮ ಮಾಡುವ ತರುಣನನ್ನೂ ಇದು ಬಿಡದು.

ದಿನಗಳನ್ನು ಜೋಡಿಸುವ ಬಗೆ

ಭೂತಾನದ ಭೂರಚನೆ ಈ ವಿಷಯದಲ್ಲಿ ಪ್ರವಾಸಿಗೆ ಸಹಾಯಕವಾಗಿದೆ. ಮೊದಲ ಎರಡು ರಾತ್ರಿ ಸುಮಾರು 2,300 ಮೀಟರು ಎತ್ತರದ ರಾಜಧಾನಿ ಥಿಂಪುವಿನಲ್ಲಿ ತಂಗಬೇಕು. ಬೆಟ್ಟದ ಮೇಲಿನ ಮಹಾಬುದ್ಧನ ವಿಗ್ರಹ, ಜೋಂಗ್, ವಾರದ ಸಂತೆ ಇವನ್ನು ನಿಧಾನವಾಗಿ ನೋಡಬಹುದು. ಮೂರನೆಯ ದಿನ ಸುಮಾರು 3,100 ಮೀಟರು ಎತ್ತರದ ಡೋಚುಲಾ ಕಣಿವೆಮಾರ್ಗವನ್ನು ಕಾರಿನಲ್ಲಿ ದಾಟುವಾಗ, 108 ಸ್ತೂಪಗಳ ನಡುವೆ ಅರ್ಧ ಗಂಟೆ ಮೆಲ್ಲನೆ ಸುತ್ತಾಡಬಹುದು. ಇವು 2003ರ ಸೇನಾ ಕಾರ್ಯಾಚರಣೆಯಲ್ಲಿ ಮಡಿದವರ ನೆನಪಿಗಾಗಿ ಕಟ್ಟಿದವು. ಅಲ್ಲಿಂದ ರಸ್ತೆ 1,300 ಮೀಟರಿಗಿಂತ ಕೆಳಗಿರುವ ಪುನಾಖಾಕ್ಕೆ ಇಳಿಯುತ್ತದೆ. ಎರಡು ನದಿಗಳ ಸಂಗಮದಲ್ಲಿ 1637ರಲ್ಲಿ ಆರಂಭವಾದ ಜೋಂಗ್ ಅಲ್ಲಿದೆ. ಗದ್ದೆಗಳ ನಡುವೆ ಇಪ್ಪತ್ತು ನಿಮಿಷ ನಡೆದರೆ ಸಿಗುವ ಚಿಮಿ ಲ್ಹಾಖಾಂಗ್, ಒಂದು ಗಂಟೆಯ ಏರಿನ ಖಮ್ಸುಮ್ ಯುಲ್ಲೆ ಸ್ತೂಪ ಇವು ಕಾಲುಗಳ ಪರೀಕ್ಷೆಗೆ ಹೇಳಿ ಮಾಡಿಸಿದಂತಿವೆ. ಎರಡು ರಾತ್ರಿ ಈ ಬೆಚ್ಚನೆಯ ಕಣಿವೆಯಲ್ಲಿ ಮಲಗೆದ್ದು, ಕೊನೆಯ ಎರಡು ರಾತ್ರಿಗೆ ಪಾರೋಕ್ಕೆ ಬರಬೇಕು.

ಹಗಲು ಎತ್ತರವನ್ನು ಮುಟ್ಟಿ ಬಂದು ರಾತ್ರಿ ತಗ್ಗಿನಲ್ಲಿ ಮಲಗುವುದೇ ದೇಹವನ್ನು ಹದಗೊಳಿಸುವ ಕ್ರಮ. ಕಠಿಣ ನಡಿಗೆ ಕೊನೆಯಲ್ಲಿ ಬರುವುದಕ್ಕೆ ಇದೇ ಕಾರಣ. ಕಡಿತವಾಗುವ ಎರಡು ರಾತ್ರಿಗಳು ಈ ಹದಕ್ಕೆ ಬೇಕಾದವೇ ಆಗಿರುತ್ತವೆ.

ತಕ್ತ್ಸಾಂಗ್ ಏರುವಾಗ

ಪಾರೋ ಕಣಿವೆಯಿಂದ ಸುಮಾರು 900 ಮೀಟರು ಮೇಲೆ, ಕಡಿದಾದ ಬಂಡೆಗೆ ಅಂಟಿಕೊಂಡಂತೆ ನಿಂತಿರುವ ತಕ್ತ್ಸಾಂಗ್ ಮಠದ ಎತ್ತರ ಸುಮಾರು 3,120 ಮೀಟರು. ಎಂಟನೆಯ ಶತಮಾನದಲ್ಲಿ ಗುರು ಪದ್ಮಸಂಭವರು ಹುಲಿಯನ್ನೇರಿ ಬಂದು ಅಲ್ಲಿಯ ಗುಹೆಯಲ್ಲಿ ಧ್ಯಾನಿಸಿದರೆಂಬುದು ಐತಿಹ್ಯ. 1692ರಲ್ಲಿ ಮಠ ಕಟ್ಟಲಾಯಿತು; 1998ರ ಬೆಂಕಿಯಲ್ಲಿ ಬಹುಭಾಗ ಸುಟ್ಟುಹೋಗಿ, 2005ರ ವೇಳೆಗೆ ಪುನರ್ನಿರ್ಮಾಣಗೊಂಡಿತು. ಹೋಗಿ ಬರಲು ಐದಾರು ಗಂಟೆ ಬೇಕು. ಪೈನ್ ಮರಗಳ ಕಾಡಿನಲ್ಲಿ ಅರ್ಧ ದಾರಿ ಸವೆಸಿದ ಮೇಲೆ ಒಂದು ಉಪಾಹಾರ ಗೃಹವಿದೆ. ಅಲ್ಲಿಯವರೆಗೆ ಕುದುರೆಯ ಮೇಲೂ ಹೋಗಬಹುದು. ಇಳಿಯುವಾಗ ಮಾತ್ರ ಎಲ್ಲರೂ ಕಾಲ್ನಡಿಗೆಯೇ. ಕೊನೆಯಲ್ಲಿ ನೂರಾರು ಮೆಟ್ಟಿಲುಗಳನ್ನು ಇಳಿದು, ಜಲಪಾತದ ಬಳಿಯ ಸೇತುವೆಯನ್ನು ದಾಟಿ, ಮತ್ತೆ ಏರಬೇಕು. ಹಿಂದಿರುಗುವಾಗ ಅದೇ ಮೆಟ್ಟಿಲುಗಳು ತಿರುಗಿ ಎದುರಾಗುತ್ತವೆ.

ನಮ್ಮ ತಂಡದಲ್ಲಿ ಅರವತ್ತು ದಾಟಿದ ನಿವೃತ್ತ ಶಿಕ್ಷಕಿಯೊಬ್ಬರಿದ್ದರು. ಉಪಾಹಾರ ಗೃಹ ತಲುಪಿದಾಗ ಅವರಿಗೆ ತಲೆ ಸಿಡಿಯುತ್ತಿತ್ತು. ಬೆಳಗಿನ ತಿಂಡಿಯೂ ಸೇರಿರಲಿಲ್ಲ. ಇಷ್ಟು ದೂರ ಬಂದು ದರ್ಶನವಿಲ್ಲದೆ ಮರಳುವುದೇ ಎಂದು ಅವರ ಕಣ್ಣು ತುಂಬಿತು. ಮಾರ್ಗದರ್ಶಿಯಾದ ತರುಣ, “ಮಾತಾಜಿ, ಗುರುಗಳಿಗೆ ಇಲ್ಲಿಂದಲೇ ಕೈಮುಗಿಯಿರಿ, ಅವರಿಗೆ ಕಾಣಿಸುತ್ತದೆ” ಎಂದು ಹಿಂದಿಯಲ್ಲಿ ಹೇಳಿ, ಜೊತೆಗಾರನೊಬ್ಬನೊಡನೆ ಅವರನ್ನು ಕೆಳಗೆ ಕಳುಹಿಸಿದ. ಸಂಜೆಗೆ ಅವರ ತಲೆನೋವು ಇಳಿದಿತ್ತು. ರಾತ್ರಿ ಕೆಂಪಕ್ಕಿಯ ಅನ್ನವನ್ನು ರುಚಿಯಾಗಿ ಉಂಡರು. ಮಾರ್ಗದರ್ಶಿಗೆ ಕೊಡುವ ಹಣ ದಾರಿ ತೋರಿಸಿದ್ದಕ್ಕೆ ಮಾತ್ರವಲ್ಲ, ಸಕಾಲದಲ್ಲಿ ‘ಸಾಕು’ ಎಂದುದಕ್ಕೂ ಸಲ್ಲುತ್ತದೆ. ಅವನ ಮಾತನ್ನು ಮೀರಬಾರದು.

ಅಪಾಯದ ಸೂಚನೆಗಳು

ಸೌಮ್ಯವಾದ ತಲೆನೋವಿಗೆ ವಿಶ್ರಾಂತಿ, ನೀರು ಹಾಗೂ ಮತ್ತೆ ಮೇಲೇರದಿರುವುದು ಸಾಕಾಗುತ್ತದೆ. ಆದರೆ ಸುಮ್ಮನೆ ಕುಳಿತಾಗಲೂ ಏದುಸಿರು, ನಿಲ್ಲದ ಕೆಮ್ಮು, ತೂರಾಡುವ ನಡಿಗೆ, ಮಾತಿನಲ್ಲಿ ಗೊಂದಲ ಇವು ಕಂಡರೆ ಶ್ವಾಸಕೋಶದಲ್ಲೋ ಮೆದುಳಿನಲ್ಲೋ ನೀರು ತುಂಬುತ್ತಿರಬಹುದು. ಆಗ ಒಡನೆ ಕೆಳಗಿಳಿಸಿ ಆಸ್ಪತ್ರೆಗೆ ಸೇರಿಸಬೇಕು. ಎದೆನೋವನ್ನು ಎತ್ತರದ ಪ್ರಭಾವವೆಂದು ತಳ್ಳಿಹಾಕಲೇಬಾರದು. ಮಠಗಳ ನಡಿಗೆಗೆ ತೃಪ್ತರಾಗದೆ 4,000 ಮೀಟರು ದಾಟುವ ಬಹುದಿನಗಳ ಚಾರಣವನ್ನು ಬಯಸುವವರು, 3,000 ಮೀಟರಿನ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸದಂತೆಯೂ, ಮೂರು ನಾಲ್ಕು ದಿನಗಳಿಗೊಮ್ಮೆ ವಿಶ್ರಾಂತಿ ಇರುವಂತೆಯೂ ನೋಡಿಕೊಳ್ಳಬೇಕು. ಮುನ್ನೆಚ್ಚರಿಕೆಯ ಅಸಿಟಜೋಲಮೈಡ್ ಮಾತ್ರೆಯನ್ನು ವೈದ್ಯರ ಸಲಹೆಯಿಲ್ಲದೆ ನುಂಗಬಾರದು.

ಮುಂಬಯಿಯಲ್ಲಿ ಸಿದ್ಧತೆ

ಹೊರಡುವ ಎಂಟು ವಾರ ಮೊದಲೇ ವೈದ್ಯರನ್ನು ಕಾಣಬೇಕು. ಹೃದಯ, ಶ್ವಾಸಕೋಶಗಳ ಕಾಯಿಲೆಯುಳ್ಳವರು ಅವರ ಒಪ್ಪಿಗೆಯಿಲ್ಲದೆ ಹೊರಡಬಾರದು. ಮೊದಲು ದಿನಕ್ಕೆ ಅರ್ಧ ಗಂಟೆಯ ಬಿರುಸು ನಡಿಗೆ. ಬರಬರುತ್ತಾ ಒಂದು ಗಂಟೆ. ಮೆಟ್ಟಿಲುಗಳಿಗಾಗಿ ನಾವು ಬೇರೆಲ್ಲಿಯೂ ಹೋಗಬೇಕಾಗಿಲ್ಲ: ರೈಲು ನಿಲ್ದಾಣದ ಸೇತುವೆ ಇದೆ, ನಮ್ಮ ಕಟ್ಟಡದ ಲಿಫ್ಟಿನ ಪಕ್ಕದಲ್ಲೇ ಮೆಟ್ಟಿಲಿದೆ. ಮೊಣಕಾಲಿಗೆ ಏರುವುದಕ್ಕಿಂತ ಇಳಿಯುವುದೇ ಹೆಚ್ಚು ಶ್ರಮವಾದ್ದರಿಂದ ಇಳಿಯುವ ಅಭ್ಯಾಸವೂ ಬೇಕು. ಊರುಗೋಲು ಒಯ್ಯಲು ನಾಚಬೇಕಿಲ್ಲ. ಹೊಸ ಬೂಟನ್ನು ತಿಂಗಳ ಮೊದಲೇ ಹಾಕಿ ಪಳಗಿಸಬೇಕು. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಹೆಪ್ಪುಗಟ್ಟದಂತೆ ಮೈಗೆ ಹತ್ತಿರವಾಗಿಯೂ, ತಿನ್ನಲು ಏನಾದರೂ ಕೈಗೆ ಸಿಗುವಂತೆಯೂ ಇಟ್ಟುಕೊಳ್ಳಬೇಕು. ದಿನದ ಮಾತ್ರೆಗಳನ್ನು ಕೈಚೀಲದಲ್ಲಿಯೇ ಒಯ್ಯಬೇಕು.

ಊಟದ ಚಿಂತೆ ಬೇಡ. ಸಸ್ಯಾಹಾರಿಗಳಿಗೆ ಕೆಂಪಕ್ಕಿಯ ಅನ್ನ, ಬೇಳೆ, ಆಲೂಗೆಡ್ಡೆ ಮತ್ತು ಗಿಣ್ಣದ ಪಲ್ಯ ದೊರೆಯುತ್ತವೆ. ಮೆಣಸಿನಕಾಯಿಯನ್ನೇ ತರಕಾರಿಯಾಗಿ ಬೇಯಿಸುವ ‘ಎಮಾ ದತ್ಸಿ’ ಮಾತ್ರ ನಮ್ಮ ಬ್ಯಾಡಗಿಯವರನ್ನೂ ಬೆವರಿಸೀತು. ಬೆಣ್ಣೆಯ ಚಹಕ್ಕೆ ಉಪ್ಪು ಬೆರೆಸುವುದರಿಂದ ರಕ್ತದೊತ್ತಡದವರು ರುಚಿ ನೋಡಿದರೆ ಸಾಕು. ಮಠಗಳಲ್ಲಿ ಪಾದರಕ್ಷೆ, ಟೊಪ್ಪಿ ಕಳಚಬೇಕು. ಗರ್ಭಗುಡಿಯ ಚಿತ್ರ ತೆಗೆಯಬಾರದು. ಪ್ರದಕ್ಷಿಣೆ ನಮ್ಮಲ್ಲಿಯಂತೆಯೇ ಬಲಕ್ಕೆ.

ಮಾರ್ಚಿನಿಂದ ಮೇವರೆಗೆ, ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ನಡಿಗೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಭೂಕುಸಿತದ ಭಯವಿದೆ. ದೀಪಾವಳಿಯ ರಜೆಯಲ್ಲಿ ಹೋಗಬಯಸುವವರು ಗಣೇಶ ಚತುರ್ಥಿಗೆ ಮೊದಲೇ ಮೆಟ್ಟಿಲು ಹತ್ತಲು ತೊಡಗಲಿ, ಆರು ರಾತ್ರಿಯ ಶುಲ್ಕವನ್ನು ಪೂರ್ತಿಯಾಗಿ ತೆಗೆದಿಡಲಿ.