ಗುಜರಿಗೆ ಹೊರಟ ಯೆಜ್ಡಿ

ಬಿಜೈಯ ನಮ್ಮ ಮನೆಯ ಶೆಡ್ಡಿನಲ್ಲಿ ಹದಿನಾಲ್ಕು ಮಳೆಗಾಲ ಕಳೆದ ಅಪ್ಪನ ಯೆಜ್ಡಿಯನ್ನು ಗುಜರಿಗೆ ಕೊಡುವುದೆಂದೇ ಮನೆಯಲ್ಲಿ ತೀರ್ಮಾನ. ಮಂಗಳೂರಿನ ಉಪ್ಪುಗಾಳಿಗೆ ಕಬ್ಬಿಣ ಉಳಿಯುವುದುಂಟೇ? ಆದರೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದೆ. ಕೊಟ್ಟರೆ ಮತ್ತೆ ಸಿಕ್ಕದು. 'ಒಂದು ತಿಂಗಳು ಕೊಡಿ' ಎಂದೆ.

ಬೈಕ್ ರಿಪೇರಿ ನನಗೆ ಹೊಸತು. ಆದರೂ ಸ್ಪ್ರೇಯರ್, ಪಂಪ್‌ಸೆಟ್ ಬಿಚ್ಚಿದ ಕೈಗೆ ಇದೇನೂ ಬ್ರಹ್ಮವಿದ್ಯೆಯಲ್ಲ.

ಮೊದಲಿಗೇ ಕಿಕ್ ಹೊಡೆಯಬಾರದು. ತುಕ್ಕು ಹಿಡಿದ ರಿಂಗ್ ಸಿಲಿಂಡರನ್ನು ಗೀರುತ್ತದೆ. ಪ್ಲಗ್ ಬಿಚ್ಚಿ ನಾಲ್ಕು ಚಮಚ ಆಯಿಲ್ ಬಿಟ್ಟೆ. ಎರಡು ದಿನ ಕಳೆದು ಕಿಕ್ಕರನ್ನು ಕೈಯಲ್ಲೇ ಒತ್ತಿದಾಗ ಪಿಸ್ಟನ್ ಮಿಸುಕಿತು. ಟ್ಯಾಂಕಿಗೆ ಡೀಸೆಲ್, ಒಂದು ಹಿಡಿ ನಟ್ಟು ಹಾಕಿ ಕುಲುಕಿದರೆ ತುಕ್ಕು ಬಿಡುತ್ತದೆ. ಕಾರ್ಬುರೇಟರಿನ ಜೆಟ್ಟಿಗೆ ಗಾಳಿ ಊದಿ ಸಾಕು. ಸರಿಗೆ ತೂರಿಸಿದರೆ ತೂತು ದೊಡ್ಡದಾಗುತ್ತದೆ. ಪಾಯಿಂಟ್ ಉಜ್ಜಿದೆ, ಗೇರ್ ಆಯಿಲ್ ಬದಲಿಸಿದೆ. ಬ್ಯಾಟರಿ, ಟಯರ್, ಕೇಬಲ್ ಹೊಸತು.

ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಟೂ-ಟಿ ಆಯಿಲ್ ಬೆರೆಸಿದೆ. ಒಂಬತ್ತನೇ ಕಿಕ್ಕಿಗೆ ಶೆಡ್ಡು ತುಂಬಾ ಹೊಗೆ! 'ನಿನ್ನಪ್ಪ ಬಂದ ಹಾಗಾಯ್ತು ಮಗಾ' ಎಂದರು ಅಮ್ಮ. ಗುಜರಿಯ ಮಾತು ಅಲ್ಲಿಗೇ ನಿಂತಿತು.

ಈಗಿನ ಪೆಟ್ರೋಲಿನ ಎಥನಾಲ್ ನೀರು ಹೀರುತ್ತದೆ. ಗಾಡಿ ನಿಲ್ಲಿಸಿಡುವವರು ಕಾರ್ಬುರೇಟರ್ ಖಾಲಿ ಮಾಡಿಡಿ. 15 ವರ್ಷ ದಾಟಿದ್ದರೆ ಆರ್‌ಸಿ ನವೀಕರಿಸಿಯೇ ರಸ್ತೆಗಿಳಿಸಿ.