ಪಾದಪ್ರಕ್ಷಾಲನ: ಸೇವೆಯೂ ವಿಧಿಯೂ

ಪಾದಪ್ರಕ್ಷಾಲನವು ನಮ್ಮ ದೇಶದ ವಾಚಕರಿಗೆ ಅಪರಿಚಿತವಾದ ಆಚಾರವಲ್ಲ. ಅತಿಥಿಯ ಪಾದಗಳನ್ನು ಗೃಹಸ್ಥನೂ ಗುರುವಿನ ಪಾದಗಳನ್ನು ಶಿಷ್ಯನೂ ತೊಳೆಯುವುದು ಇಲ್ಲಿಯ ಸಂಪ್ರದಾಯ. ಕ್ರೈಸ್ತ ಆರಾಧನೆಯಲ್ಲಿ ಈ ಕ್ರಮವು ವಿಪರ್ಯಸ್ತವಾಗಿದೆ. ಅಲ್ಲಿ ಗುರುವೇ ಶಿಷ್ಯನ ಪಾದಗಳನ್ನು ತೊಳೆಯುತ್ತಾನೆ. ಈ ವಿಪರ್ಯಾಸವು ಮುಂದಿನ ಶತಮಾನಗಳಲ್ಲಿ ಎಷ್ಟರಮಟ್ಟಿಗೆ ಉಳಿದುಬಂದಿತೆಂಬುದನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

ವಿಧಿಯ ಮೂಲವು ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿದೆ. ಕಡೆಯ ಭೋಜನದ ರಾತ್ರಿ ಯೇಸು ಮೇಲುಡುಪನ್ನು ತೆಗೆದಿಟ್ಟು, ನಡುವಿಗೆ ವಸ್ತ್ರವನ್ನು ಸುತ್ತಿಕೊಂಡು, ಬೋಗುಣಿಯ ನೀರಿನಿಂದ ಶಿಷ್ಯರ ಪಾದಗಳನ್ನು ತೊಳೆದನು. ಅಂದಿನ ಸಮಾಜದಲ್ಲಿ ಇದು ಸೇವಕರ ಕೆಲಸವಾಗಿದ್ದುದರಿಂದ ಪೇತ್ರನು ಮೊದಲು ಅದಕ್ಕೆ ಒಪ್ಪಲಿಲ್ಲ. ಶಿಷ್ಯರೂ ಪರಸ್ಪರ ಹೀಗೆಯೇ ಮಾಡತಕ್ಕದ್ದೆಂದು ಯೇಸು ಬೋಧಿಸಿದನು. ಆ ರಾತ್ರಿ ಕೊಟ್ಟ ಹೊಸ ಆಜ್ಞೆಯನ್ನು ಸೂಚಿಸುವ ‘ಮಂದಾತುಮ್’ ಎಂಬ ಲ್ಯಾಟಿನ್ ಪದವೇ ವಿಧಿಯ ಹೆಸರಾಯಿತು. ಇಂಗ್ಲೆಂಡಿನಲ್ಲಿ ಅದು ‘ಮಾಂಡಿ’ ಎಂದು ರೂಪಾಂತರ ಹೊಂದಿತು.

6ನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟನು ತನ್ನ ಮಠಗಳಿಗಾಗಿ ರಚಿಸಿದ ನಿಯಮಾವಳಿಯಲ್ಲಿ ಈ ವಿಧಿಯು ದೈನಂದಿನ ಬಾಳಿಗೆ ಸೇರಿದೆ. ಅಡುಗೆಮನೆಯ ವಾರದ ಸರದಿಯನ್ನು ಮುಗಿಸುವವನು, ಅದನ್ನು ವಹಿಸಿಕೊಳ್ಳುವವನೊಡನೆ ಕೂಡಿ ಮಠವಾಸಿಗಳೆಲ್ಲರ ಪಾದಗಳನ್ನು ತೊಳೆಯಬೇಕು. ಬಂದ ಅತಿಥಿಗಳ ಪಾದಗಳನ್ನು ಮಠಾಧಿಪತಿಯೂ ಇತರರೂ ತೊಳೆಯಬೇಕು. ನಡೆದು ಬಂದವರ ಕಾಲಿನ ಧೂಳು ನಿಜವಾದ ಧೂಳು. ಇಲ್ಲಿ ವಿಧಿಗೂ ಕೆಲಸಕ್ಕೂ ಭೇದವಿರಲಿಲ್ಲ.

ಅರಮನೆಯನ್ನು ಪ್ರವೇಶಿಸಿದಾಗ ಈ ಭೇದವು ತಲೆದೋರಿತು. ಇಂಗ್ಲೆಂಡಿನ ಜಾನ್ ದೊರೆ 1213ರಲ್ಲಿ ರಾಚೆಸ್ಟರಿನಲ್ಲಿ 13 ಮಂದಿ ಬಡವರಿಗೆ ತಲಾ 13 ಪೆನ್ನಿಗಳನ್ನು ದಾನಮಾಡಿದನು. ಕಾಲಕ್ರಮದಲ್ಲಿ ದಾನ ಪಡೆಯುವವರ ಸಂಖ್ಯೆಯನ್ನು ಅರಸರ ವಯಸ್ಸಿಗೆ ಹೊಂದಿಸಲಾಯಿತು. 1573ರಲ್ಲಿ ಗ್ರೀನಿಚ್ಚಿನಲ್ಲಿ 39 ವರ್ಷದ ಒಂದನೆಯ ಎಲಿಜಬೆತ್ ರಾಣಿಯು 39 ಮಂದಿ ಬಡ ಸ್ತ್ರೀಯರ ಪಾದಗಳನ್ನು ತೊಳೆದಳು. ಆದರೆ ಆಕೆ ಬರುವುದಕ್ಕೆ ಮೊದಲೇ ಅರಮನೆಯ ಬಟ್ಟೆ ಒಗೆಯುವವರು ಸುಗಂಧ ಪುಷ್ಪಗಳ ಬೆಚ್ಚನೆಯ ನೀರಿನಿಂದ ಅವನ್ನು ತೊಳೆದಿದ್ದರು. ಅನಂತರ ಉಪದಾನಾಧಿಕಾರಿಯೂ ದಾನಾಧಿಕಾರಿಯೂ ತೊಳೆದಿದ್ದರು. ಅರಸಿಯ ಕೈ ಸೋಕುವ ವೇಳೆಗೆ ತೊಳೆಯಬೇಕಾದುದು ಏನೂ ಉಳಿದಿರಲಿಲ್ಲ. ಎರಡನೆಯ ಜೇಮ್ಸನ ತರುವಾಯ ಅರಸರು ಸ್ವಹಸ್ತದಿಂದ ತೊಳೆಯುವುದನ್ನು ಬಿಟ್ಟರು; 18ನೆಯ ಶತಮಾನದ ಪೂರ್ವಾರ್ಧದಲ್ಲಿ ತೊಳೆಯುವಿಕೆಯೇ ನಿಂತಿತು. ಇಂದಿಗೂ ಅರಸರ ವಯಸ್ಸಿನಷ್ಟೇ ಸಂಖ್ಯೆಯ ಸ್ತ್ರೀಯರಿಗೂ ಪುರುಷರಿಗೂ ವಿಶೇಷವಾಗಿ ಅಚ್ಚುಹಾಕಿದ ಬೆಳ್ಳಿಯ ನಾಣ್ಯಗಳು ಸಲ್ಲುತ್ತವೆ. ದಾನಾಧಿಕಾರಿಗಳು ನಡುವಿಗೆ ನಾರುಬಟ್ಟೆಯನ್ನು ಕಟ್ಟಿಕೊಳ್ಳುತ್ತಾರೆ. ವಸ್ತ್ರ ಉಳಿದಿದೆ, ನೀರಿಲ್ಲ.

ರೋಮನ್ ಕ್ಯಾಥೊಲಿಕ ಸಭೆಯಲ್ಲಿ 1955ರ ಸುಧಾರಣೆಯು ಪಾದಪ್ರಕ್ಷಾಲನವನ್ನು ಪವಿತ್ರ ಗುರುವಾರದ ಸಂಜೆಯ ಬಲಿಪೂಜೆಯೊಳಗೆ ಸೇರಿಸಿ, ಜನರ ಕಣ್ಣೆದುರಿಗೆ ತಂದಿತು. ಅದರಲ್ಲಿ ಪುರುಷರಿಗೆ ಮಾತ್ರ ಅವಕಾಶವಿದ್ದಿತು. 2013ರಲ್ಲಿ ಪೋಪ್ ಫ್ರಾನ್ಸಿಸರು ರೋಮಿನ ಬಾಲಾಪರಾಧಿಗಳ ಸೆರೆಮನೆಯಲ್ಲಿ 12 ಮಂದಿಯ ಪಾದಗಳನ್ನು ತೊಳೆದರು. ಅವರಲ್ಲಿ ಇಬ್ಬರು ತರುಣಿಯರಿದ್ದರು, ಮುಸಲ್ಮಾನರೂ ಇದ್ದರು. 2016ರಲ್ಲಿ ನಿಯಮವನ್ನೇ ತಿದ್ದಿ ಸ್ತ್ರೀಯರನ್ನೂ ಸೇರಿಸಲಾಯಿತು.

ಇದರಿಂದ ಇತಿಹಾಸದ ವಿದ್ಯಾರ್ಥಿಯು ಗ್ರಹಿಸಬೇಕಾದುದು ಇಷ್ಟು. ವಿನಯವನ್ನು ಸಾರುವ ವಿಧಿಯು ಅಧಿಕಾರದ ಪ್ರದರ್ಶನವೂ ಆಗಬಲ್ಲುದು. ಯಾರು ತೊಳೆದರೆಂಬುದನ್ನು ದಾಖಲೆಗಳು ಮರೆಯದೆ ಹೇಳುತ್ತವೆ. ಯಾರ ಪಾದಗಳು, ಅವನ್ನು ಮೊದಲು ತೊಳೆದಿಟ್ಟವರು ಯಾರು ಎಂಬ ಪ್ರಶ್ನೆಗಳನ್ನು ನಾವೇ ಕೇಳಬೇಕಾಗುತ್ತದೆ.